ಗಾಳಿ ಒಡೆಯುವವಳು

ನಂಜನಗೂಡು
7 ಸೆಪ್ಟೆಂಬರ್ 2025

ಅವ್ವ, ಜೈಭೀಮ್.

ಕಾಗದ ಅಂದಕೂಡಲೇ ಏನಾಯ್ತೋ ಅಂತ ಹೆದರಬೇಡ, ಚೆನ್ನಾಗಿದ್ದೀನಿ. ಸೈಕಲ್ ರೇಸುಗಳು ಮುಗಿಯುವ ತನಕ ಕೋಚ್ ಕಾಂತರಾಜು ಸಾರ್ ನಮ್ಮ ಫೋನುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ಭಾನುವಾರ ಹತ್ತು ನಿಮಿಷ ಕೊಡುತ್ತಾರೆ. ಆ ಹತ್ತು ನಿಮಿಷದಲ್ಲಿ ನಾವಿಬ್ಬರು ಏನು ಮಾಡುತ್ತೇವೆ ಅಂತ ನಿನಗೇ ಗೊತ್ತು, ಊಟ ಆಯ್ತಾ ಅಂತ ಶುರುವಾಗಿ ಜಗಳದಲ್ಲಿ ಮುಗಿಯುತ್ತೆ. ಅದಕ್ಕೇ ಬರೆಯುತ್ತಿದ್ದೀನಿ. ಕಂಡಕ್ಟರ್ ಕೃಷ್ಣಣ್ಣ ದಿನಾ ಇಲ್ಲಿಂದ ನರಸೀಪುರಕ್ಕೆ ಬರುತ್ತಾರಲ್ಲ, ಅವರ ಕೈಲಿ ಕೊಟ್ಟರೆ ಸೋಸಲೆಗೆ, ನಿನ್ನ ಅಂಗನವಾಡಿಗೇ ತಲುಪಿಸುತ್ತಾರಂತೆ.

ಇವತ್ತು ಚಾಮರಾಜನಗರದಲ್ಲಿ ಮೊದಲ ರೇಸು. ಈ ವರ್ಷ ಒಟ್ಟು ಮೂರು. ಮೂರರ ಪಾಯಿಂಟ್ ಕೂಡಿಸಿ ರಾಜ್ಯ ತಂಡಕ್ಕೆ ಹುಡುಗಿಯರನ್ನು ತೆಗೆದುಕೊಳ್ಳುತ್ತಾರೆ. ನಮ್ಮ ತಂಡದಲ್ಲಿ ಮೂವರು. ದೇವನೂರಿನ ಶಿವರಂಜನಿ, ನಂಜನಗೂಡಿನವಳೇ ಆದ ಅರ್ಪಿತ, ನಾನು. ರಂಜನಿ ಕೊನೆಯಲ್ಲಿ ನುಗ್ಗುವುದರಲ್ಲಿ ಗಟ್ಟಿಗಿತ್ತಿ, ಅದಕ್ಕೇ ಅವಳು ಲೀಡರ್. ನನ್ನ ಕೆಲಸ ಅವಳ ಮುಂದೆ ತುಳಿಯುವುದು. ಸೈಕಲ್ ರೇಸಿನಲ್ಲಿ ಅರ್ಧ ಶಕ್ತಿ ಗಾಳಿಗೇ ಹೋಗುತ್ತೆ ಅವ್ವ. ಮುಂದಿನವಳು ಗಾಳಿ ಒಡೆದರೆ ಅವಳ ಬೆನ್ನ ಹಿಂದೆ ಇರುವವಳಿಗೆ ದಾರಿ ಹಗುರ. ನಾನು ಅವಳನ್ನು ಎಳೆದುಕೊಂಡು ಬಂದು, ಇನ್ನು ಕಾಲಲ್ಲಿ ಏನೂ ಉಳಿದಿಲ್ಲ ಅನ್ನುವಾಗ ಪಕ್ಕಕ್ಕೆ ಸರಿದೆ. ಅವಳು ಹಾರಿದಳು.

ನಾನು ಇಪ್ಪತ್ತಮೂರನೆಯವಳು, ಅವಳು ಮೊದಲನೆಯವಳು. ನಾವು ಗೆದ್ದೆವು.

ಚಟ್ನಿಪುಡಿ ಮುಗಿದಿದೆ.

ಸಂಘಮಿತ್ರಾ


ಸೋಸಲೆ
12 ಸೆಪ್ಟೆಂಬರ್

ಮಗಳೇ ಸಂಘ,

ಮಕ್ಕಳಿಗೆ ಉಪ್ಪಿಟ್ಟು ಬಡಿಸುತ್ತಿದ್ದಾಗ ನಿನ್ನ ಕಾಗದ ಬಂತು. ಓದಿ, ಸೌಟು ಕೆಳಗಿಟ್ಟು, ಇನ್ನೊಂದು ಸಲ ಓದಿದೆ. ಇಪ್ಪತ್ತಮೂರನೆಯವಳು, ನಾವು ಗೆದ್ದೆವು ಅಂತ ಬರೆದಿದ್ದೀಯ. ನನ್ನ ಅಂಗನವಾಡಿ ಕೂಸುಗಳೂ ಇಷ್ಟು ಚೆನ್ನಾಗಿ ಲೆಕ್ಕ ತಪ್ಪೋದಿಲ್ಲ.

ದೇವನೂರಿನ ರಂಜನಿ ಅಂದೆ, ಯಾರ ಮನೆಯವಳು ಅಂತ ಬರೆಯಲಿಲ್ಲ. ಅದು ನನ್ನ ತವರು ಅನ್ನುವುದು ಮರೆತುಹೋಯಿತಾ? ವಿಚಾರಿಸಿದೆ. ಸಿದ್ದಮಲ್ಲಪ್ಪನವರ ಮೊಮ್ಮಗಳು. ನಿನ್ನ ಅಜ್ಜಿ ಆ ಮನೆಯ ಗದ್ದೆಯಲ್ಲಿ ನಾಟಿ ಹಾಕುವಾಗ ಯಾವಾಗಲೂ ಸಾಲಿಗೆ ಮೊದಲು ಇಳಿಯುತ್ತಿದ್ದವಳು. ಅವಳ ಕೈ ನೋಡಿಕೊಂಡೇ ಉಳಿದವರು ನಡೆಯುತ್ತಿದ್ದರು. ಸುಗ್ಗಿಯಲ್ಲಿ ಊರೆಲ್ಲ ಅನ್ನುತ್ತಿತ್ತು, ‘ಈ ಸಲ ಸಿದ್ದಮಲ್ಲಪ್ಪನೋರು ಬತ್ತ ಚೆನ್ನಾಗ್ ಬೆಳ್ದವ್ರೆ’ ಅಂತ. ಬೆಳೆದವಳು ನಮ್ಮವ್ವ.

ಈಗ ಅವರಿಗೆ ಗಾಳಿ ಒಡೆಯೋದಕ್ಕೂ ನಾವೇ ಬೇಕಾ? ಪಕ್ಕದ ಮನೆ ದೊಡ್ಡಮ್ಮ ಕೇಳಿದಳು, ‘ಸಂಘ ಎಷ್ಟ್ನೇ ನಂಬರ್ ಬಂದ್ಲು?’ ಅಂತ. ಕರೆಂಟ್ ಹೋಯಿತು ಅಂತ ಹೇಳಿ ಒಳಗೆ ಬಂದೆ. ಹಗಲು ಹೊತ್ತು, ಕರೆಂಟಿಗೂ ಆ ಮಾತಿಗೂ ಏನು ಸಂಬಂಧ.

ಚಟ್ನಿಪುಡಿ ಕಳಿಸಿದ್ದೀನಿ. ನೀನು ತಿನ್ನು.

ನಿನ್ನ ಅವ್ವ


ನಂಜನಗೂಡು
16 ಸೆಪ್ಟೆಂಬರ್

ಅವ್ವ,

ಕೋಪ ಬಂತು. ಆದರೂ ಚಟ್ನಿಪುಡಿ ಚೆನ್ನಾಗಿತ್ತು.

ಇದು ಜೀತ ಅಲ್ಲ ಅವ್ವ. ನಾನಾಗಿ ಒಪ್ಪಿಕೊಂಡ ಕೆಲಸ, ಮತ್ತು ನಾನು ಈ ಕೆಲಸದಲ್ಲಿ ಜಾಣೆ. ಹೋದ ವರ್ಷ ನನಗೆ ಜ್ವರ ಬಂದಾಗ ರಂಜನಿ ನನ್ನ ಬಟ್ಟೆ ಒಗೆದುಹಾಕಿದ್ದಾಳೆ. ಅವಳ ತಾತನ ಗದ್ದೆಗೆ ಅವಳನ್ನು ಯಾಕೆ ಕಟ್ಟಿಹಾಕುತ್ತೀಯ?

ನಮ್ಮಲ್ಲಿ ಒಂದು ಪದ್ಧತಿ ಇದೆ. ಲೀಡರ್ ಟೈರು ಪಂಚರಾದರೆ ಕೈ ಎತ್ತುತ್ತಾಳೆ. ಹತ್ತಿರ ಇರುವ ತಂಡದವಳು ನಿಂತು, ತನ್ನ ಚಕ್ರ ಬಿಚ್ಚಿ ಅವಳಿಗೆ ಕೊಟ್ಟು, ತಾನು ರಸ್ತೆ ಬದಿಯಲ್ಲಿ, ಎಲ್ಲರ ಕೊನೆಗೆ ಬರುವ ವ್ಯಾನಿಗೆ ಕಾಯಬೇಕು. ನಮ್ಮಂಥ ಸಣ್ಣ ತಂಡಕ್ಕೆ ಹಿಂದೆ ಹಿಂದೆಯೇ ಬರುವ ಗಾಡಿ ಎಲ್ಲಿಂದ ಬರಬೇಕು? ಸಾರ್ ಪ್ರತಿ ರೇಸಿನ ಬೆಳಿಗ್ಗೆ ಕೇಳುತ್ತಾರೆ, ‘ರಂಜನಿ ಕೈ ಎತ್ತುದ್ರೆ?’ ನಾನೂ ಅರ್ಪಿತಳೂ ‘ನಿಲ್ತೀವಿ ಸಾ’ ಅನ್ನುತ್ತೇವೆ. ಹಾಗೆ ಹೇಳುವಾಗ ನನಗೆ ಸಣ್ಣವಳು ಅನ್ನಿಸುವುದಿಲ್ಲ.

ಎರಡನೆಯ ರೇಸು ಅಕ್ಟೋಬರ್ 5, ಭಾನುವಾರ. ನಂಜನಗೂಡಿನಲ್ಲಿ ಹೊರಟು, ಸುತ್ತು ಹೊಡೆದು, ನರಸೀಪುರದಲ್ಲಿ ಮುಗಿಯುತ್ತೆ. ಬಾ. ಕಣ್ಣಾರೆ ನೋಡಿದರೆ ಗೊತ್ತಾಗುತ್ತೆ.

ಸಂಘ


ಸೋಸಲೆ
22 ಸೆಪ್ಟೆಂಬರ್

ಸಂಘ,

ಬರುತ್ತೀನಿ. ನಿಮ್ಮಪ್ಪನಿಗೆ ಮಿಲ್ಲಿನಲ್ಲಿ ರಜ ಇಲ್ಲ. ಬೀದಿಯ ಹೆಂಗಸರು ಏಳು ಜನ ಹೊರಟಿದ್ದಾರೆ, ಗೂಡ್ಸ್ ಆಟೋ ಮಾಡಿಕೊಂಡು. ನಿನ್ನ ಆ ಬಿಗಿ ಚಡ್ಡಿಯ ವಿಷಯ ಮೊದಲೇ ಹೇಳಿಟ್ಟಿದ್ದೀನಿ, ಇಲ್ಲದಿದ್ದರೆ ಅಲ್ಲಿ ಬಂದು ಬಾಯಿ ಬಾಯಿ ಬಡಿದುಕೊಳ್ಳುತ್ತಾರೆ.

ನಿನ್ನ ಪದ್ಧತಿ ಓದಿದೆ. ದೊಡ್ಡ ಮಾತು ನನಗೆ ಗೊತ್ತಾಗುವುದಿಲ್ಲ. ಒಂದೇ ಹೇಳುತ್ತೀನಿ. ನಾನು ಏಳು ಜನರನ್ನು ಕರೆದುಕೊಂಡು ಬಂದು ರೇಸು ಮುಗಿಯುವ ಗೆರೆಯ ಹತ್ತಿರ ನಿಂತಿರುತ್ತೀನಿ. ಅವರ ಮುಂದೆ ಹಿಂದೆ ಬೀಳಬೇಡ.

ಅವ್ವ


ಸೋಸಲೆ
6 ಅಕ್ಟೋಬರ್

ನನ್ನ ಬಂಗಾರ,

ಗಂಟಲು ಹೋಗಿದೆ, ಕೈ ಇದೆ, ಅದಕ್ಕೇ ಬರೆಯುತ್ತಿದ್ದೀನಿ. ಮೊದಲು ಮೋಟಾರ್ ಬೈಕ್ ಬಂತು, ಆಮೇಲೆ ಇಬ್ಬರು ಹುಡುಗಿಯರು. ಹೆಲ್ಮೆಟ್ಟು ಕನ್ನಡಕದಲ್ಲಿ ಯಾರು ಯಾರು ಅಂತ ತಿಳಿಯಲಿಲ್ಲ. ದೊಡ್ಡಮ್ಮನೇ ಮೊದಲು ಗುರುತು ಹಿಡಿದವಳು, ‘ಅದು ನಮ್ ಸಂಘನ್ ಮಂಡಿ ಕಣವ್ವ, ಚಿಕ್ಕೋಳಿದ್ದಾಗ ಬಿದ್ ಗಾಯ ಅದೆ ನೋಡು’ ಅಂತ. ಅಷ್ಟರಲ್ಲಿ ನೀನು ಆ ಇನ್ನೊಬ್ಬಳನ್ನು ಹಿಂದೆ ಹಾಕಿ ಗೆರೆ ದಾಟಿದ್ದೆ. ಮೊದಲನೆಯವಳು. ನನ್ನ ಮಗಳು ಮೊದಲನೆಯವಳು. ನಾನು ಯಾರ ಕೊರಳು ಅಂತಲೂ ನೋಡದೆ ಅಪ್ಪಿಕೊಂಡೆ. ಆಮೇಲೆ ನೋಡಿದರೆ ಅವರು ಪೊಲೀಸಮ್ಮ.

ನೀನು ಯಾಕೆ ಹಾಗೆ ನೆಲದ ಮೇಲೆ ಕೂತು ಮಂಡಿಯೊಳಗೆ ತಲೆ ಇಟ್ಟುಕೊಂಡೆ? ತುಂಬಾ ಸುಸ್ತಾಗಿತ್ತಾ? ಫೋಟೋದಲ್ಲೂ ನಗಲಿಲ್ಲ. ಊಟ ಕಟ್ಟಿಕೊಂಡು ಬಂದಿದ್ದೆ, ಬಿಚ್ಚುವುದಕ್ಕೂ ಬಿಡದೆ ವ್ಯಾನ್ ಹತ್ತಿಬಿಟ್ಟೆ.

ನಿನ್ನ ಲೀಡರ್ ಎಲ್ಲರೂ ಬಂದಾದ ಮೇಲೆ ಬಂದಳು. ಏನೋ ಪಂಚರ್ ಅಂದರು. ಅವಳ ಅಜ್ಜಿ ಚನ್ನಾಜಮ್ಮ ಕಾರಿನಲ್ಲಿ ಕೂತಿದ್ದರು, ಇಳಿಯಲಿಲ್ಲ. ನನಗೆ ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ, ಇರುವುದನ್ನು ಇದ್ದ ಹಾಗೆ ಹೇಳುತ್ತೀನಿ.

ದೊಡ್ಡಮ್ಮನ ಮಗ ಸಿದ್ದು ಬೀದಿಯ ಬಾಯಲ್ಲಿ ಫ್ಲೆಕ್ಸ್ ಹಾಕಿಸಿದ್ದಾನೆ. ನೀನು ಆಳುದ್ದ ಇದ್ದೀಯ. ಬಸ್ಸಿನಲ್ಲಿ ಹೋಗುವವರಿಗೂ ಕಾಣುತ್ತೆ. ಇವತ್ತು ಬೇಕೂ ಬೇಕೂಂತಲೇ ನಾಲ್ಕು ಸಲ ಅಂಗಡಿಗೆ ಹೋಗಿಬಂದೆ.

ಅವ್ವ


ನಂಜನಗೂಡು
10 ಅಕ್ಟೋಬರ್

ಅವ್ವ,

ಕಾಗದ ತಲುಪಿತು. ಸುಸ್ತಾಗಿತ್ತು ಅಷ್ಟೇ.

ಫ್ಲೆಕ್ಸ್ ತೆಗೆಸು. ಒಂದು ರೇಸಿಗೆ ಯಾರೂ ಫ್ಲೆಕ್ಸ್ ಹಾಕಿಸುವುದಿಲ್ಲ.

ಸಾರ್ ಮುಂದಿನ ರೇಸಿಗೆ ನನ್ನನ್ನು ಲೀಡರ್ ಮಾಡಿದ್ದಾರೆ. ಪಾಯಿಂಟಿನಲ್ಲಿ ನಾನು ಮುಂದಿದ್ದೀನಂತೆ, ರಂಜನಿಗೆ ಅವತ್ತು ಏನೂ ಸಿಗಲಿಲ್ಲ. ಈಗ ಅವಳು ನನ್ನ ಮುಂದೆ ತುಳಿಯುತ್ತಾಳೆ. ಅಭ್ಯಾಸದಲ್ಲಿ ನನ್ನ ನೀರಿನ ಬಾಟಲಿ ಖಾಲಿಯಾದರೆ ಅವಳೇ ಹಿಂದೆ ಹೋಗಿ ತುಂಬಿಸಿಕೊಂಡು ಬರುತ್ತಾಳೆ. ನಾನು ಬೇಡ ಅಂದೆ. ‘ಇದು ಕೆಲ್ಸ ಕಣೇ’ ಅಂದಳು.

ಬರೆಯುವುದಕ್ಕೆ ಬೇರೇನೂ ಇಲ್ಲ.

ಸಂಘ


ಸೋಸಲೆ
14 ಅಕ್ಟೋಬರ್

ಸಂಘ,

ಇಷ್ಟು ದೊಡ್ಡ ಸುದ್ದಿಯನ್ನು ಉಪ್ಪು ಖಾರ ಇಲ್ಲದೆ ಬರೆದಿದ್ದೀಯಲ್ಲ. ಸಿದ್ದಮಲ್ಲಪ್ಪನ ಮೊಮ್ಮಗಳು ನಿನಗೆ ನೀರು ತಂದುಕೊಡುತ್ತಾಳಾ? ಇನ್ನೊಂದು ಸಲ ಬರಿ. ಹೇಗೆ ತರುತ್ತಾಳೆ, ಕೈಗೇ ಕೊಡುತ್ತಾಳಾ, ಕೊಡುವಾಗ ಮುಖ ಹೇಗಿರುತ್ತೆ, ಎಲ್ಲ ಬರಿ. ನಮ್ಮವ್ವನಿಗೆ ಆ ಮನೆಯ ಹಿತ್ತಲಲ್ಲಿ ಎರಡು ಕೈ ಬೊಗಸೆ ಮಾಡಿಸಿ ಮೇಲಿಂದ ನೀರು ಹುಯ್ಯುತ್ತಿದ್ದರು. ನಾನು ಅವಳ ಸೆರಗು ಹಿಡಿದುಕೊಂಡು ನಿಂತಿರುತ್ತಿದ್ದೆ. ಇವತ್ತು ಅವ್ವ ಇರಬೇಕಿತ್ತು.

26ನೇ ತಾರೀಕು ಭಾನುವಾರ ಅಂಬೇಡ್ಕರ್ ಭವನದಲ್ಲಿ ನಿನಗೆ ಸನ್ಮಾನ ಇಟ್ಟುಕೊಂಡಿದ್ದಾರೆ. ಶಾಲು, ಹಾರ, ಬುದ್ಧನ ಒಂದು ವಿಗ್ರಹ. ನನ್ನ ಅಂಗನವಾಡಿ ಮಕ್ಕಳು ಹಾಡು ಹೇಳುತ್ತಾರೆ, ದಿನಾ ಅಭ್ಯಾಸ ಮಾಡಿಸುತ್ತಿದ್ದೀನಿ. ನಿಮ್ಮ ಸಾರಿಗೆ ಹೇಳಿ ಒಂದು ದಿನ ರಜ ತೆಗೆದುಕೋ.

ಫ್ಲೆಕ್ಸ್ ಯಾಕೆ ತೆಗೆಯಬೇಕು? ಬೇರೆಯವರ ಮನೆಯಲ್ಲಿ ಕೂಸಿನ ಹುಟ್ಟುಹಬ್ಬಕ್ಕೂ ಹಾಕುತ್ತಾರೆ.

ಅವ್ವ


ನಂಜನಗೂಡು
17 ಅಕ್ಟೋಬರ್

ಅವ್ವ,

26ಕ್ಕೆ ಬರಲಾಗುವುದಿಲ್ಲ. ಅವತ್ತು ಉದ್ದದ ಅಭ್ಯಾಸ ಇದೆ. ದಯವಿಟ್ಟು ಸನ್ಮಾನ ನಿಲ್ಲಿಸಿಬಿಡಿ. ಯಾರಿಗೂ ಬೇಜಾರಾಗದ ಹಾಗೆ ನೀನೇ ಏನಾದರೂ ಹೇಳು.

ರಂಜನಿ ನೀರು ಹೇಗೆ ಕೊಡುತ್ತಾಳೆ ಅಂತ ನನ್ನನ್ನು ಕೇಳಬೇಡ.

ಸಂಘ


ಸೋಸಲೆ
19 ಅಕ್ಟೋಬರ್

ಸಂಘಮಿತ್ರಾ,

ಕೃಷ್ಣಣ್ಣನನ್ನು ಕೇಳಿದೆ. ‘ಇಪ್ಪತ್ತಾರಕ್ಕೆ ಯಾವ್ದೂ ಪ್ರಾಕ್ಟೀಸ್ ಇಲ್ವಂತೆ ಕಣಕ್ಕ, ಆ ಅರ್ಪಿತ ಅನ್ನೋ ಮಗೀನೆ ಹೇಳ್ತು’ ಅಂದ.

ಈಗ ಅರ್ಥವಾಯಿತು. ಅವತ್ತು ನರಸೀಪುರದಲ್ಲಿ ನಾವು ಎಂಟು ಜನ ಹೆಂಗಸರು ಎಲೆ ಅಡಿಕೆ ಹಾಕಿಕೊಂಡು, ಕಾಲಲ್ಲಿ ಹವಾಯಿ ಚಪ್ಪಲಿ ಮೆಟ್ಟಿಕೊಂಡು, ಕೂಗಾಡುತ್ತಾ ನಿಂತಿದ್ದೆವು. ನಿನ್ನ ತಂಡದವರು ನೋಡಿದರು. ಅದಕ್ಕೇ ತಲೆ ಎತ್ತಲಿಲ್ಲ, ಅದಕ್ಕೇ ವ್ಯಾನ್ ಹತ್ತಿ ಓಡಿದೆ. ಫ್ಲೆಕ್ಸಿನ ಕೆಳಗೆ ನಮ್ಮ ಬೀದಿಯ ಹೆಸರು ಬರೆಸಿದ್ದು ನಿನಗೆ ಬೇಡವಾಯಿತು.

ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಹೆಗ್ಗಣಕ್ಕೆ ಹೆತ್ತವರು ಮುದ್ದಾಗಬೇಕು ಅಂತ ಎಲ್ಲೂ ಇಲ್ಲ.

ಬರುವುದಾದರೆ ಬಾ. ಇಲ್ಲದಿದ್ದರೆ ನಾನೇ ಶಾಲು ಹೊದ್ದುಕೊಳ್ಳುತ್ತೀನಿ.

ವಿಶಾಲಮ್ಮ


ನಂಜನಗೂಡು
22 ಅಕ್ಟೋಬರ್

ಅವ್ವ,

ವಿಶಾಲಮ್ಮ ಅಂತ ಸಹಿ ಹಾಕಿದ್ದೀಯ. ಆಫೀಸಿಗೆ ಬರೆದ ಹಾಗೆ.

ನಿಮ್ಮ ಬಗ್ಗೆ ನನಗೆ ನಾಚಿಕೆ ಇಲ್ಲ. ನನ್ನ ಬಗ್ಗೆ ಇದೆ. ಇದನ್ನು ಬರೆಯಬಾರದು ಅಂತಿದ್ದೆ, ಈಗ ನೀನು ಇನ್ನೇನೋ ತಿಳಿದುಕೊಂಡು ಅಳುವುದಕ್ಕಿಂತ ಇದನ್ನೇ ತಿಳಿದುಕೊಂಡು ಬೈದರೆ ವಾಸಿ.

ಅವತ್ತು ನರಸೀಪುರಕ್ಕೆ ಇನ್ನೂ ದೂರ ಇರುವಾಗಲೇ ನಾವು ಮೂವರು ಎಲ್ಲರನ್ನೂ ಬಿಟ್ಟು ಮುಂದೆ ಬಂದಿದ್ದೆವು. ನಾನು ಮುಂದೆ, ನನ್ನ ಹಿಂದೆ ರಂಜನಿ, ಅವಳ ಹಿಂದೆ ಮಂಡ್ಯ ತಂಡದ ಹುಡುಗಿ. ಎಲ್ಲ ನಾವು ಅಂದುಕೊಂಡ ಹಾಗೇ ನಡೆದಿತ್ತು. ಗದ್ದೆ ಬಯಲಿನ ನೆಟ್ಟಗಿನ ರಸ್ತೆಗೆ ಬಂದಾಗ ರಂಜನಿ ‘ಪಂಚರ್, ಸಂಘ’ ಅಂತ ಕೂಗಿದಳು. ತಿರುಗಿ ನೋಡಿದೆ. ಕೈ ಎತ್ತಿದ್ದಳು. ಮಂಡ್ಯದವಳು ಅವಳನ್ನು ಬಳಸಿಕೊಂಡು ನನ್ನ ಪಕ್ಕಕ್ಕೆ ಬಂದಳು. ನನ್ನ ಬೆರಳು ಬ್ರೇಕಿನ ಮೇಲಿತ್ತು. ಒತ್ತಲಿಲ್ಲ.

ನಿಂತರೆ ಇಪ್ಪತ್ತಮೂರನೆಯವಳೂ ಆಗುವುದಿಲ್ಲ, ವ್ಯಾನಿನಲ್ಲಿ ಕೂತು ಬರುತ್ತೀನಿ, ನೀನು ಏಳು ಜನರ ಜೊತೆ ಗೆರೆಯಲ್ಲಿ ನಿಂತಿರುತ್ತೀಯ. ಅದೇ ತಲೆಗೆ ಬಂತು. ಮಂಡ್ಯದವಳ ಜೊತೆ ಹೊರಟುಹೋದೆ. ಆಮೇಲಿನದನ್ನು ನೀನೇ ನೋಡಿದ್ದೀಯ.

ಮುಗಿದ ಮೇಲೆ ಸಾರ್ ಇನ್ನೂ ನನ್ನನ್ನು ಏನೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನೇ ‘ಗಾಳೀಲಿ ಕೇಳಿಸ್ಲಿಲ್ಲ ಸಾ’ ಅಂದೆ. ರಂಜನಿ ಅಲ್ಲೇ ಇದ್ದಳು. ‘ಅವ್ಳು ಮುಂದಿದ್ಲು ಸಾ, ಕಂಡಿರಲ್ಲ’ ಅಂದಳು. ಅವಳು ನನ್ನನ್ನು ನಂಬಿದ್ದಾಳೆ ಅವ್ವ. ನಂಬಿ, ದಿನಾ ನನಗೆ ನೀರು ತಂದುಕೊಡುತ್ತಾಳೆ. ಒಂದು ಸಲ ಬಾಯಿಗೆ ಹಾಕಿಕೊಂಡು, ಅವಳು ಮುಂದೆ ಹೋದಮೇಲೆ ಉಗಿದುಬಿಟ್ಟೆ.

ನಿಯಮದ ಪ್ರಕಾರ ಇದು ತಪ್ಪಲ್ಲ, ಕಪ್ ನನ್ನದೇ. ಅಜ್ಜಿಗೋಸ್ಕರ ಮಾಡಿದೆ ಅಂತ ನನಗೆ ನಾನೇ ಹೇಳಿಕೊಂಡು ನೋಡಿದೆ. ಸುಳ್ಳು. ಗೆರೆ ದಾಟುವಾಗ ಅಜ್ಜಿ ನೆನಪಿಗೇ ಬರಲಿಲ್ಲ. ನನಗೆ ಬಹಳ ಖುಷಿಯಾಗಿತ್ತು. ಆ ಖುಷಿ ನೆನೆಸಿಕೊಂಡರೇ ಮೈ ಹಿಡಿಯಾಗುತ್ತೆ.

ಸನ್ಮಾನಕ್ಕೆ ಹೇಗೆ ಬರಲಿ, ನೀನೇ ಹೇಳು.

ಸಂಘ


ಸೋಸಲೆ
27 ಅಕ್ಟೋಬರ್

ಸಂಘ,

ನಿನ್ನ ಕಾಗದ ಶನಿವಾರ ಬಂತು, ಸನ್ಮಾನಕ್ಕೆ ಒಂದು ದಿನ ಇರುವಾಗ. ಮೊದಲು ನಿನ್ನ ಮೇಲೆ ಕೆಟ್ಟ ಕೋಪ ಬಂತು. ಮಾಡಿದ್ದನ್ನು ನಿನ್ನ ಹೊಟ್ಟೆಯಲ್ಲೇ ಇಟ್ಟುಕೊಳ್ಳಬಾರದಿತ್ತಾ, ನನ್ನ ತಲೆಗೆ ಯಾಕೆ ಹೊರಿಸಿದೆ ಅನ್ನಿಸಿತು. ತಾಯಿಗೆ ಅನ್ನಿಸಬಾರದು, ಅನ್ನಿಸಿತು.

ಫ್ಲೆಕ್ಸ್ ಇಳಿಸೋಣ ಅಂತ ಬೀದಿಯ ಬಾಯಿಗೆ ಹೋದೆ. ಸಿದ್ದು ‘ಯಾಕತ್ತೆ?’ ಅಂದ. ಮಳೆಗೆ ನೆನೆಯುತ್ತೆ ಅಂದೆ. ‘ಪ್ಲಾಸ್ಟಿಕ್ ಕಣತ್ತೆ, ನೆನೆಯಲ್ಲ’ ಅಂದ. ವಾಪಸ್ ಬಂದೆ.

ಭಾನುವಾರ ನಿನಗೆ ಜ್ವರ ಅಂತ ಹೇಳಿದೆ. ಮಕ್ಕಳು ಹಾಡಿದರು, ಸಾಲು ತಪ್ಪಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಶಾಲು ಹೊದ್ದುಕೊಂಡು ಕೂತೆ. ನಿನ್ನ ಹೆಸರು ಬಂದಾಗಲೆಲ್ಲ ನಗುತ್ತಿದ್ದೆ. ಎದ್ದು ನಿಂತು ಹೇಳಿಬಿಡಲಾ ಅಂತ ಒಂದು ಸಲ ಬಂತು. ನಿಮ್ಮಪ್ಪ ಹೊಸ ಶರಟು ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದ. ಬಾಯಿ ಬರಲಿಲ್ಲ.

ಆಗ ಅವಳು ಬಂದಳು, ರಂಜನಿ. ನಂಜನಗೂಡಿನಿಂದ ಸೈಕಲ್ ತುಳಿದುಕೊಂಡು, ಒಬ್ಬಳೇ. ನೀನು ಮುಖ ಮುಚ್ಚಿಕೊಂಡು ಮಲಗಿದ್ದೀಯ, ತಂಡದಿಂದ ಯಾರಾದರೂ ಬರಬೇಕಲ್ಲ, ಅದಕ್ಕೆ ಬಂದೆ ಅಂದಳು. ಮೈಕ್ ಕೊಟ್ಟರೆ ಎರಡೇ ಮಾತು, ‘ಸಂಘ ಒಂದೂವರೆ ವರ್ಷ ನನ್ ಮುಂದೆ ತುಳ್ದಿದ್ದಾಳೆ. ಅವ್ಳಿಲ್ದಿದ್ರೆ ನಾನು ಒಂದ್ ರೇಸೂ ಗೆಲ್ತಿರ್ಲಿಲ್ಲ.’ ನಾನು ಶಾಲಿನೊಳಗೆ ಕೈ ಹಿಸುಕಿಕೊಂಡು ಕೂತಿದ್ದೆ. ಆ ಹುಡುಗಿಯ ಮುಖ ಹೇಗಿರುತ್ತೆ ಬರಿ ಅಂತ ಕೇಳಿದವಳು ನಾನು. ಎದುರಿಗೆ ಇದ್ದಾಗ ನೋಡಲಿಕ್ಕಾಗಲಿಲ್ಲ.

ಮನೆಗೆ ಕರೆದೆ. ನಮ್ಮ ಮನೆಯ ಅಡುಗೆ ತಿನ್ನುತ್ತಾಳೋ ಇಲ್ಲವೋ ಅಂತ ಬಾಳೆಹಣ್ಣು ಮುಂದಿಟ್ಟೆ. ‘ಅಷ್ಟು ದೂರದಿಂದ ಬಂದಿದ್ದೀನಿ, ಊಟ ಇಲ್ವಾ ಆಂಟಿ?’ ಅಂದಳು. ಸೊಪ್ಪಿನ ಸಾರಿತ್ತು. ಎರಡು ಮುದ್ದೆ ಉಂಡಳು. ಕೈ ತೊಳೆಯುತ್ತಾ ಮೆಲ್ಲಗೆ, ‘ಆಂಟಿ, ಇಲ್ಲಿ ಉಂಡಿದ್ದು ದೇವನೂರಲ್ಲಿ ಗೊತ್ತಾಗೋದು ಬೇಡ, ಅಜ್ಜಿ ಸುಮ್ನೆ ಬಿಡಲ್ಲ’ ಅಂದಳು. ಚುಚ್ಚಿತು. ಹೇಳಿದ ಮೇಲೆ ಅವಳ ಮುಖವೂ ಸಣ್ಣಗಾಯಿತು. ಅದಕ್ಕೆ ಏನಾದರೂ ಅನ್ನುವ ಜಾಗದಲ್ಲಿ ನಾನಿರಲಿಲ್ಲ.

ಹೊರಡುವಾಗ ಸೈಕಲ್ ಹಿಡಿದುಕೊಂಡು ಅಂಗಳದಲ್ಲಿ ಹೇಳಿದಳು, ‘ಸಂಘಂಗೆ ಜ್ವರ ಇಲ್ಲ ಆಂಟಿ. ಅವತ್ತು ಅವ್ಳು ತಿರುಗ್ ನೋಡಿದ್ದು ನಂಗೊತ್ತು. ಸಾರ್‌ಗೆ ಗೊತ್ತಾದ್ರೆ ತಂಡದಿಂದ ತೆಗ್ದುಬಿಡ್ತಾರೆ ಅಂತಾನೇ ಅವ್ಳಿಗೆ ಕಂಡಿರಲ್ಲ ಅಂದೆ. ಅವ್ಳೇ ಹೇಳ್ತಾಳೆ ಅಂತ ಕಾಯ್ತಿದ್ದೀನಿ. ಎಷ್ಟು ದಿನ ಕಾಯ್ಲಿ?’

ಅವಳು ನಿನ್ನನ್ನು ನಂಬಿ ನೀರು ಕೊಟ್ಟಿಲ್ಲ ಸಂಘ. ಗೊತ್ತಿದ್ದೇ ಕೊಟ್ಟಿದ್ದಾಳೆ. ನೀನು ಬಾಯಿಬಿಡಲಿ ಅಂತ.

ಬ್ರೇಕ್ ನಿನ್ನ ಕೈಯಲ್ಲಿತ್ತು, ಅದನ್ನು ನೀನೇ ಹೊರಬೇಕು. ಆದರೆ ನಿನ್ನ ಕಿವಿಯಲ್ಲಿ ನಾನಿದ್ದೆ. ಹಿಂದೆ ಬೀಳಬೇಡ ಅಂತ ಬರೆದವಳು ನಾನು. ನಮ್ಮವ್ವನ ಕಷ್ಟ ನಿಜ, ಅದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಅದನ್ನು ತೆಗೆದುಕೊಂಡು ಹೋಗಿ ಆ ಹುಡುಗಿಯ ಪಂಚರಾದ ಚಕ್ರಕ್ಕೆ ಸಿಕ್ಕಿಸಿದ್ದು ನನ್ನ ತಪ್ಪು.

ಹೋಗಿ ಹೇಳು. ರಂಜನಿಗೆ ಮಾತ್ರ ಅಲ್ಲ, ಎಲ್ಲರಿಗೂ.

ಅವ್ವ


ನಂಜನಗೂಡು
2 ನವೆಂಬರ್

ಅವ್ವ,

ಹೇಳಿದೆ. ಬೆಳಿಗ್ಗೆ ಟೀ ಕುಡಿಯುವಾಗ, ಸಾರ್, ರಂಜನಿ, ಅರ್ಪಿತ ಮೂವರೂ ಇದ್ದರು. ಮೊದಲೇ ಮಾತು ಜೋಡಿಸಿಟ್ಟುಕೊಂಡಿದ್ದೆ, ಒಂದೂ ನೆನಪಾಗಲಿಲ್ಲ. ‘ನಂಗೆ ಕೇಳಿಸಿತ್ತು, ನಿಲ್ಲಲಿಲ್ಲ’ ಅಂದೆ ಅಷ್ಟೇ.

ಸಾರ್ ಲೋಟ ಕೆಳಗಿಟ್ಟು ಎದ್ದುಹೋದರು. ಸಂಜೆ ಬಂದು, ಕೊನೆಯ ರೇಸಿಗೆ ರಂಜನಿಯೇ ಲೀಡರ್, ನೀನು ಎಳೆಯುತ್ತೀಯ, ಇಷ್ಟವಿಲ್ಲದಿದ್ದರೆ ಮನೆಗೆ ಹೋಗು ಅಂದರು. ಅವಳು ರಾಜ್ಯ ತಂಡಕ್ಕೆ ಹೋಗಬೇಕಾದರೆ ಅದನ್ನು ಗೆಲ್ಲಲೇಬೇಕು. ಎರಡನೆಯವಳಾದರೂ ಸಾಲದು. ಅದು ನಾನು ಮಾಡಿದ್ದು. ಅರ್ಪಿತ ನನ್ನ ಜೊತೆ ಮಾತು ಬಿಟ್ಟಿದ್ದಾಳೆ, ಚಾಪೆಯನ್ನೂ ಆ ಮೂಲೆಗೆ ಎಳೆದುಕೊಂಡಿದ್ದಾಳೆ.

ರಂಜನಿ ಒಂದೇ ಕೇಳಿದಳು, ‘ಮುಂದಿನ್ ಸಲ ಕೈ ಎತ್ತುದ್ರೆ ನಿಲ್ತೀಯಾ?’ ನಿಲ್ತೀನಿ ಅಂದೆ. ‘ಹೇಳೋದ್ ಸುಲಭ’ ಅಂದು ಟೈರಿಗೆ ಗಾಳಿ ಹೊಡೆಯಲು ಹೋದಳು. ನಿನ್ನ ಮನೆಯಲ್ಲಿ ಉಂಡದ್ದನ್ನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕೊನೆಯ ರೇಸು 16ಕ್ಕೆ. ನಂಜನಗೂಡಿನಿಂದ ಹೆಮ್ಮರಗಾಲದ ಕಡೆ ಹೋಗಿ ವಾಪಸ್. ಬರುತ್ತೀಯಾ ಅಂತ ಕೇಳುವ ಮುಖ ಇಲ್ಲ, ಆದರೂ ಕೇಳುತ್ತೀನಿ. ಬಂದರೆ ಗೆರೆಯ ಹತ್ತಿರ ನಿಲ್ಲಬೇಡ, ನಾನು ಅಲ್ಲಿ ಕಾಣುವುದಿಲ್ಲ. ವಾಪಸ್ ಬರುವಾಗ ಊರು ಸಿಗುವುದಕ್ಕೆ ಮುಂಚೆ ಒಂದು ಏರು ಇದೆ, ಏರಿನ ತಲೆಯಲ್ಲಿ ಟೀ ಅಂಗಡಿ. ನಾನು ರಂಜನಿಯನ್ನು ಅಲ್ಲಿವರೆಗೆ ಎಳೆದುತಂದು ಬಿಡಬೇಕು. ಆಮೇಲೆ ಎಲ್ಲರೂ ನನ್ನನ್ನು ದಾಟಿಕೊಂಡು ಹೋಗುತ್ತಾರೆ. ನೋಡುವುದಾದರೆ ಅಲ್ಲಿ ನೋಡು.

ಬೇರೆ ಯಾರನ್ನೂ ಕರೆತರಬೇಡ.

ಸಂಘ


ಸೋಸಲೆ
17 ನವೆಂಬರ್

ಮಗಳೇ,

ನಿನ್ನೆ ಬಂದಿದ್ದೆ. ನೀನು ನೋಡಲಿಲ್ಲ, ನೋಡುವ ಸ್ಥಿತಿಯಲ್ಲೂ ಇರಲಿಲ್ಲ. ಒಬ್ಬಳೇ ಬಂದೆ. ಎಲ್ಲಿಗೆ ಅಂತ ದೊಡ್ಡಮ್ಮ ಕೇಳಿದಳು. ಅವಳನ್ನು ಕೂರಿಸಿ ಎಲ್ಲ ಹೇಳಿಯೇ ಹೊರಟೆ. ಅವಳು ಬಹಳ ಹೊತ್ತು ಎಲೆ ಅಡಿಕೆ ಅಗಿದು, ‘ಸಿದ್ದಂಗೆ ಫ್ಲೆಕ್ಸ್ ಬಿಚ್ಚಾಕು ಅಂತೀನಿ ಬುಡು’ ಅಂದಳು. ಬೀದಿಗೆಲ್ಲ ಸಂಜೆಯೊಳಗೆ ಗೊತ್ತಾಗಿದೆ. ಇವತ್ತು ಅಂಗಡಿಗೆ ಹೋಗುವ ಕೆಲಸವಿತ್ತು, ಹೋಗಲಿಲ್ಲ.

ಟೀ ಅಂಗಡಿಯ ಹತ್ತಿರ ನಾಲ್ಕು ಜನ ಸೇರಿದ್ದರು. ನನ್ನ ಪಕ್ಕ ಒಬ್ಬಳು ಹೆಂಗಸು, ತಲೆಯ ಮೇಲೆ ಹುಲ್ಲಿನ ಹೊರೆ. ಏರಿನ ಕೆಳಗೆ ಗುಂಪು ಕಾಣಿಸಿತು. ಎಲ್ಲರಿಗಿಂತ ಮುಂದೆ ನೀನು. ಬಾಯಿ ತೆರೆದಿತ್ತು, ಹೆಗಲು ಅಲುಗಾಡುತ್ತಿತ್ತು, ಆ ಕಡೆಯಿಂದ ಗಾಳಿ ಎಷ್ಟು ಬೀಸುತ್ತಿತ್ತೆಂದರೆ ನಾನೇ ಸೆರಗು ಬಿಗಿಹಿಡಿದು ನಿಂತಿದ್ದೆ. ನಿನ್ನ ಬೆನ್ನಿಗೆ ಅಂಟಿಕೊಂಡು ರಂಜನಿ, ತಲೆ ತಗ್ಗಿಸಿದ್ದಳು. ನನ್ನ ಮುಂದೆಯೇ ನೀನು ಪಕ್ಕಕ್ಕೆ ಸರಿದೆ. ಅವಳು ಹೋದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಹೋದರು. ನೀನು ನಿಂತೇಬಿಟ್ಟೆಯಾ ಅನ್ನುವ ಹಾಗೆ ಆಯಿತು. ಎಷ್ಟು ಹೊತ್ತು ನೀನು ಅವಳನ್ನು ಹಾಗೆ ತಂದೆಯೋ, ಆಗ ನನಗೆ ಗೊತ್ತಾಯಿತು. ಇಪ್ಪತ್ತಮೂರನೆಯವಳು ಅಂತ ನಾನು ಹಂಗಿಸಿದ್ದು ಇದನ್ನಾ ಅನ್ನಿಸಿತು.

ಪಕ್ಕದವಳು, ‘ಯಾರ್ ಮಗ್ಳೋ ಪಾಪ, ಅಷ್ಟ್ ಮುಂದಿದ್ದೋಳು ಇಂದುಕ್ಕೆ ಬಿದ್ಬುಟ್ಲು’ ಅಂದಳು.

ನನ್ನ ಮಗಳು ಅನ್ನಬೇಕಿತ್ತು. ಅನ್ನಲಿಲ್ಲ ಸಂಘ. ನಾನೂ ಯಾರೋ ದಾರಿಹೋಕಳ ಹಾಗೆ ‘ಊಂ, ಪಾಪ’ ಅಂದೆ. ನೀನು ಎದುರಿಗೇ, ಹ್ಯಾಂಡಲ್ ಮೇಲೆ ತಲೆ ಹಾಕಿಕೊಂಡು, ಮೆಲ್ಲಗೆ ತುಳಿದುಕೊಂಡು ಹೋದೆ. ಸಂಘ ಅಂತ ಒಂದು ಕೂಗು ಹಾಕಿದ್ದರೆ ಕೇಳಿಸುತ್ತಿತ್ತು. ಅವತ್ತು ನೀನು ಬ್ರೇಕಿನ ಮೇಲೆ ಬೆರಳಿಟ್ಟುಕೊಂಡು ಒತ್ತದೆ ಹೋದೆಯಲ್ಲ, ಅದು ಹೇಗಾಯಿತು ಅಂತ ಇಷ್ಟು ದಿನ ಯೋಚಿಸುತ್ತಿದ್ದೆ. ಈಗ ಯೋಚಿಸುವುದಿಲ್ಲ.

ಯಾರು ಗೆದ್ದರು ಅಂತ ನನಗೆ ತಿಳಿಯದು. ಅಲ್ಲಿದ್ದ ಯಾರಿಗೂ ತಿಳಿಯದು. ನೀನೇ ಬರಿ.

ಬಸ್ಸಿಗೆ ಕಾಯುತ್ತಾ ನಿಂತಿದ್ದೆ, ನಿಲ್ಲಲಿಕ್ಕಾಗಲಿಲ್ಲ. ಆ ಹುಲ್ಲಿನ ಹೊರೆಯವಳು ಆಗಲೇ ಹೊಲದ ದಾರಿಗೆ ಇಳಿದು ಹೋಗಿದ್ದಳು. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹಿಂದೆ ಓಡಿದೆ. ಬಸ್ಸು ಬಂತು, ಹೋಯಿತು. ಅವಳನ್ನು ನಿಲ್ಲಿಸಿ, ‘ಆಗ ಹೋದ್ಲಲ್ಲ, ಅವ್ಳು ನನ್ ಮಗ್ಳು ಕಣವ್ವ. ಬಿದ್ದಿದ್ದಲ್ಲ, ಅವ್ಳ ಕೆಲ್ಸ ಅಲ್ಲೀಗಂಟ ಅಷ್ಟೆ’ ಅಂದೆ.

ಅವಳು ಹೊರೆಯ ಕೆಳಗಿಂದ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಯಾರವ್ವ?’ ಅಂದಳು. ಅವಳಿಗೆ ಮರೆತೇ ಹೋಗಿತ್ತು.

ಮತ್ತೆ ಮೊದಲಿಂದ ಹೇಳಿದೆ.

ಅವ್ವ